ನನ್ನ ಸೊಂಟ, ಅವಳ ಕಾಲು

ನಮ್ಮನೆಗೆ ಕಷ್ಟ ಒಂಟಿಯಾಗಿ ಬಂದಿದ್ದೇ ಇಲ್ಲ, ಜೊತೇಲಿ ಒಂದು ನಗೆಪಾಟಲನ್ನೂ ಕರ್ಕೊಂಡೇ ಬರುತ್ತೆ. ಹೆಂಡತಿಗೆ ಸ್ಟ್ರೋಕ್ ಆಗಿ ಬಲಗಾಲು ಮರಗಟ್ಟಿತು. ಬಾತ್‌ರೂಮಿಗೂ ನಾನೇ ಎತ್ಕೊಂಡು ಹೋಗ್ಬೇಕು. ಎತ್ತಿ ಎತ್ತಿ ಒಂದಿನ ನನ್ನ ಸೊಂಟ 'ಕಳಕ್' ಅಂತು. ನಾನೂ ಮಲಗಿಬಿಟ್ರೆ ಅವಳನ್ನ ಎತ್ತೋರ್ಯಾರು? ಅದೇ ಭಯ ನನಗೆ.

ಭಾರ

ಅವಳ ಕಾಲಿಗೆ ವ್ಯಾಯಾಮ ಮಾಡಿಸೋಕೆ ಬನಶಂಕರಿಯಿಂದ ಫಿಸಿಯೋ ಹುಡುಗಿ ಬರ್ತಿದ್ದಳು. ನನ್ನ ಬೆನ್ನನ್ನೂ ಒತ್ತಿ ನೋಡಿ, "ಅಂಕಲ್, ಇನ್ಮೇಲೆ ಭಾರ ಎತ್ಬಾರ್ದು" ಅಂದ್ಲು.

ಮಂಚದಿಂದ ಹೆಂಡತಿ ತೊದಲಿದಳು: "ಇದನ್ನ ಮದ್ವೆಗೆ ಮುಂಚೆ ಹೇಳ್ಬೇಕಿತ್ತು ಕಣಮ್ಮ."

ದಕ್ಷಿಣಕ್ಕೆ ತಲೆ

ನನಗೂ ವ್ಯಾಯಾಮ ಶುರುವಾಯ್ತು. ಚಾಪೆ ಮೇಲೆ ಅಂಗಾತ ಮಲಗಿ ಸೊಂಟ ಎತ್ತಿ ಇಳಿಸ್ಬೇಕು. ಹಾಲ್‌ನಲ್ಲಿ ಜಾಗ ಸಾಲದೆ, ಹೆಣ ಮಲಗಿಸೋ ಹಾಗೆ ದಕ್ಷಿಣಕ್ಕೆ ತಲೆ ಹಾಕಿ ಮಲಗಿದ್ದೆ. ಫ್ಯಾನ್ ಗಾಳಿ ಚಳಿ ಅಂತ ಬಿಳೀ ಪಂಚೆ ಹೊದ್ದು, ಸುಸ್ತಾಗಿ ಕಣ್ಣು ಮುಚ್ಚಿದ್ದೆ.

ಪಕ್ಕದ್ಮನೆಯಾಕೆ ಸಾರಿನ ಪಾತ್ರೆ ಹಿಡ್ಕೊಂಡು ಬಂದವಳೇ, "ಅಯ್ಯೋ ಶಿವನೇ, ಹೋಗ್ಬಿಟ್ರಾ!" ಅಂತ ಬಾಯಿ ಬಡ್ಕೊಂಡಳು. ಬೀದಿಯವರೆಲ್ಲ ಬಂದ್ರು. ಯಾರೋ ಪುಣ್ಯಾತ್ಮ ಹೂವಿನ ಹಾರಕ್ಕೂ ಫೋನ್ ಮಾಡ್ತಿದ್ದ.

ಒಳಗಿಂದ ಹೆಂಡತಿ ಕೂಗಿದಳು: "ಹೋಗೋದಾದ್ರೆ ಮೊದಲು ನನ್ನನ್ನ ಬಾತ್‌ರೂಮಿಗೆ ಕರ್ಕೊಂಡೋಗಿ, ಆಮೇಲೆ ಹೋಗ್ಲಿ!"

ಒದೆ

ಆ ಪಕ್ಕದ್ಮನೆಯಾಕೆಯೇ ಇನ್ನೊಂದಿನ ನನಗೆ ಒಂದು ಮದ್ದು ಹೇಳಿದಳು. "ಕಾಲು ಮುಂದಾಗಿ ಹುಟ್ಟಿದೋರು ಒದ್ರೆ ಸೊಂಟದ ಉಳುಕು ಹೋಗುತ್ತೆ. ನಿಮ್ಮ ಹೆಂಡ್ತಿ ಹಾಗೇ ಹುಟ್ಟಿದ್ದಲ್ವಾ?"

"ದಯವಿಟ್ಟು ಯಾರೂ ಒದೀಬೇಡಿ" ಅಂತ ಫಿಸಿಯೋ ಕೈಮುಗಿದಳು.

ಹೆಂಡತಿ ತನ್ನ ಕಾಲು ನೋಡ್ಕೊಂಡು, "ಒದೆಯೋ ಕಾಲಿದ್ದಿದ್ರೆ ಇವರ ಸೊಂಟ ಯಾಕಮ್ಮ ಹೋಗ್ತಿತ್ತು?" ಅಂದಳು. ನಾನು ಅವಳ ಕಾಲಿನ ಮೇಲೆ ಹೊದಿಕೆ ಎಳೆದೆ.

ಮಾರನೇ ದಿನ ಫಿಸಿಯೋ ಅವಳ ಕಾಲು ಮಡಿಸಿ, "ಆಂಟಿ, ತಳ್ಳಿ, ತಳ್ಳಿ" ಅಂತಿದ್ದಳು. ಕಾಲು ಅಲ್ಲಾಡಲಿಲ್ಲ. ಹೆಂಡತಿ ಕಣ್ಣಲ್ಲಿ ನೀರು. ನೋಡೋಕಾಗದೆ ಮಂಚದ ತುದೀಲಿ ಅವಳಿಗೆ ಬೆನ್ನು ಹಾಕಿ ಕೂತು, "ಒದಿಯೇ! ಇಷ್ಟು ವರ್ಷದ ಸಿಟ್ಟೆಲ್ಲ ತೀರಿಸ್ಕೋ. ಮತ್ತೆ ಇಂಥ ಚಾನ್ಸ್ ಸಿಗಲ್ಲ" ಅಂದೆ.

ಅವಳು ಹಲ್ಲು ಕಚ್ಚಿದ್ದು ಕೇಳಿಸ್ತು. ಆಮೇಲೆ ಸೊಂಟಕ್ಕೆ ಸರಿಯಾಗಿ ಒಂದು ಬಿತ್ತು ನೋಡಿ! ನಾನು ನೆಲದ ಮೇಲೆ. ಮತ್ತೆ ಅದೇ 'ಕಳಕ್'.

"ಸತ್ತೇ!" ಅಂತ ಕಿರುಚಿದೆ. ಫಿಸಿಯೋ ನನ್ನ ಕಡೆ ತಿರುಗಿಯೂ ನೋಡಲಿಲ್ಲ. "ಆಂಟಿ, ಬಲಗಾಲು! ನಿಮ್ಮ ಬಲಗಾಲು ಆಡ್ತು!" ಅಂತ ಕುಣೀತಿದ್ದಳು. ಹೆಂಡತಿ ಅಳ್ತಾ ನಗ್ತಿದ್ದಳು.

ಆಮೇಲೆ ಫಿಸಿಯೋಗೆ ನನ್ನ ನೆನಪಾಗಿ, "ಅಯ್ಯೋ ಅಂಕಲ್, ಏಳೋಕಾಗುತ್ತಾ?" ಅಂದ್ಲು.

"ನಾನು ಏಳೋದು ಹಾಗಿರ್ಲಿ ಕಣಮ್ಮ" ಅಂದೆ, "ಇನ್ನೊಂದ್ಸಲ ಒದೀತಾಳಾ ಕೇಳು."