ಸಂಡಿಗೆ, ರಾಹುಕಾಲ ಮತ್ತು ಗ್ಯಾಸ್ ಹೀಟರ್

ಮೆಲ್ಬರ್ನ್‌ನಲ್ಲಿ ಚಳಿ ಶುರುವಾಯಿತೆಂದರೆ ನನ್ನ ಫೋನಿಗೆ ಪುರುಸೊತ್ತಿರುವುದಿಲ್ಲ. ಮನೆಮನೆಯ ಗ್ಯಾಸ್ ಹೀಟರ್ ಸರ್ವೀಸ್ ಮಾಡುವುದು ನನ್ನ ಕೆಲಸ. ಅದರಲ್ಲೂ ನಮ್ಮ ಕನ್ನಡದವರ ಮನೆಗೆ ಹೋದೆನೆಂದರೆ ಏನಾದರೊಂದು ನಡೆದೇ ನಡೆಯುತ್ತದೆ.

ನಾನು ಸಿಡ್ನಿಗೆ ಬಂದದ್ದು ಐಟಿ ಓದಲು. ಓದಿದೆ, ಪಾಸೂ ಆದೆ. ಆದರೆ ಸ್ಕ್ರೀನ್ ಮುಂದೆ ಕೂತರೆ ನಿದ್ದೆ, ಸ್ಪ್ಯಾನರ್ ಹಿಡಿದರೆ ಖುಷಿ. ಮೆಲ್ಬರ್ನ್‌ಗೆ ಬಂದು ಅಪ್ರೆಂಟಿಸ್ ಆಗಿ ದುಡಿದು ಗ್ಯಾಸ್ ಲೈಸೆನ್ಸ್ ತೆಗೆದುಕೊಂಡೆ. ಡಿಗ್ರಿ ಸರ್ಟಿಫಿಕೇಟ್ ಎಲ್ಲಿದೆಯೋ ಗೊತ್ತಿಲ್ಲ, ಲೈಸೆನ್ಸ್ ಮಾತ್ರ ಸದಾ ಜೇಬಿನಲ್ಲಿರುತ್ತದೆ. ನನಗೆ ನನ್ನ ಕೆಲಸದ ಬಗ್ಗೆ ಅಷ್ಟು ಹೆಮ್ಮೆ.

ಇದ್ದದ್ದು ಒಂದೇ ಕೊರಗು. ನಮ್ಮಮ್ಮ ತುಮಕೂರಿನಲ್ಲಿ ಯಾರು ಕೇಳಿದರೂ, "ಮಗ ಎನರ್ಜಿ ಕಂಪನೀಲಿ ಮ್ಯಾನೇಜರ್" ಎನ್ನುತ್ತಿದ್ದಳು. ಒಂದೇ ಒಂದು ಸಲ ನನ್ನ ಕೆಲಸ ಏನೆಂದು ಅವಳ ಬಾಯಿಂದ ಕೇಳಬೇಕೆಂದು ಆಸೆಯಿತ್ತು.

ಸಂಡಿಗೆ

ಒಂದು ಮನೆಯಿಂದ ಕಂಪ್ಲೇಂಟ್ ಬಂತು: ಹೀಟರ್ ಸ್ವಲ್ಪ ಹೊತ್ತು ಓಡಿ ತಾನೇ ನಿಂತುಹೋಗುತ್ತದೆ. ಇಲ್ಲಿ ಎಷ್ಟೋ ಮನೆಗಳಲ್ಲಿ ಬಿಸಿಗಾಳಿ ಬರುವುದು ನೆಲದ ಜಾಲರಿಗಳಿಂದ. ಹೋಗಿ ನೋಡಿದರೆ ಹಾಲ್‌ನ ಜಾಲರಿ ಮೇಲೆ ಅರಳು ಸಂಡಿಗೆಯ ತಟ್ಟೆ, ರೂಮಿನ ಜಾಲರಿ ಮೇಲೆ ಹಪ್ಪಳದ ತಟ್ಟೆ, ಮೂಲೆಯ ಜಾಲರಿ ಮೇಲೆ ದುಪ್ಪಟಿ ಹೊದ್ದು ಕೂತ ಇಡ್ಲಿ ಹಿಟ್ಟಿನ ಪಾತ್ರೆ. ಗಾಳಿ ಹೊರಬರಲು ದಾರಿಯೇ ಇಲ್ಲ. ಒಳಗೆ ಕಾವು ಹೆಚ್ಚಿ ಹೀಟರ್ ತನ್ನ ಜೀವ ಉಳಿಸಿಕೊಳ್ಳಲು ನಿಲ್ಲುತ್ತಿತ್ತು.

"ಆಂಟಿ, ಇವೆಲ್ಲ ತೆಗೀಬೇಕು," ಎಂದೆ.

"ಈ ಊರಲ್ಲಿ ಬಿಸಿಲೆಲ್ಲಪ್ಪ ಇದೆ? ಒಂದ್ ಜಾಲರಿನಾದ್ರೂ ಸಂಡಿಗೆಗೆ ಬಿಟ್ಕೊಡು," ಎಂದರು ಆಂಟಿ. ನಾನು ಒಪ್ಪಲಿಲ್ಲ. ಫಿಲ್ಟರ್ ತೊಳೆದು, ಎಲ್ಲ ಜಾಲರಿ ತೆರೆಸಿ, ರಿಪೋರ್ಟಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದೆ: ಹೀಟರ್ ನಿಲ್ಲಲು ಕಾರಣ, ಸಂಡಿಗೆ.

ಮಾರನೆಯ ದಿನ ನಮ್ಮ ಆಸ್ಟ್ರೇಲಿಯನ್ ಬಾಸ್ ಕರೆದು ಕೇಳಿದ, "ಈ ಸಂಡಿಗೆ ಅನ್ನೋ ಪಾರ್ಟ್ ನಮ್ಮ ಹತ್ರ ಸ್ಟಾಕ್ ಇದೆಯಾ?"

ಗೃಹಪ್ರವೇಶ

ಓದುವಾಗ ಸಿಡ್ನಿಯ ಪ್ಯಾರಮಟ್ಟಾದಲ್ಲಿ ನನ್ನ ರೂಮ್‌ಮೇಟ್ ಆಗಿದ್ದವನು ಅಲ್ಲೇ ಹೊರವಲಯದ ಸ್ಕೋಫೀಲ್ಡ್ಸ್‌ನಲ್ಲಿ ಮನೆ ಕಟ್ಟಿಸಿದ. ಇಲ್ಲಿಯ ಜುಲೈ ಚಳಿಯಲ್ಲಿ ಗೃಹಪ್ರವೇಶದ ಪಾರ್ಟಿ. ಒಳಗೆ ಕಾಲಿಟ್ಟರೆ, ಹಿತ್ತಲಲ್ಲಿ ಇಡಬೇಕಾದ, ಛತ್ರಿಯಂಥ ತಲೆಯ ಗ್ಯಾಸ್ ಹೀಟರನ್ನು ಸಿಲಿಂಡರ್ ಸಮೇತ ಹಾಲಿನ ಮಧ್ಯೆ ತಂದು ಉರಿಸಿದ್ದಾನೆ! ಕಿಟಕಿ ಬಾಗಿಲೆಲ್ಲ ಬಂದ್. ಓಡಿಹೋಗಿ ಆರಿಸಿದೆ, ಕಿಟಕಿಗಳನ್ನೆಲ್ಲ ತೆರೆದೆ.

"ಹಾಲ್ ಎಷ್ಟು ದೊಡ್ಡದಿದೆ ನೋಡೋ, ಗಾಳಿಗೇನು ಕಮ್ಮಿ?" ಎಂದ.

"ಮುಚ್ಚಿದ ಮನೇಲಿ ಇದು ಕಾರ್ಬನ್ ಮಾನಾಕ್ಸೈಡ್ ತುಂಬುತ್ತೆ. ವಾಸನೆ ಇಲ್ಲ, ಬಣ್ಣ ಇಲ್ಲ. ನಿದ್ದೆ ಬಂತು ಅಂತ ಮಲಗಿದವರು ಏಳೋದೇ ಇಲ್ಲ," ಎಂದು ಎಲ್ಲರ ಎದುರೇ ಬೈದೆ. ಅವನ ಮುಖ ಬಿಳಿಚಿತು.

ಆದರೂ ಚಳಿ ಚಳಿಯೇ ಅಲ್ಲವೇ? ಹೀಟರನ್ನು ಹಿತ್ತಲಿಗೆ ಸಾಗಿಸಿದೆವು. ಅದರ ಹಿಂದೆಯೇ ಅತಿಥಿಗಳೂ ಬಿಸಿಬೇಳೆಬಾತಿನ ತಟ್ಟೆ ಹಿಡಿದು ಹೊರಟರು. ಹೊಸ ಹಾಲಿನಲ್ಲಿ ಒಂದು ನರಪಿಳ್ಳೆಯೂ ಉಳಿಯಲಿಲ್ಲ. ನನ್ನ ಗೆಳೆಯ ಎಲ್ಲರನ್ನೂ ಒಮ್ಮೆ ನೋಡಿ ನಿಟ್ಟುಸಿರು ಬಿಟ್ಟ.

"ಮೊದ್ಲೇ ಹೇಳಿದ್ರೆ ಬರೀ ಹಿತ್ತಲು ಕೊಂಡ್ಕೋತಿದ್ದೆ. ಹೋಮ್ ಲೋನಾದ್ರೂ ಉಳೀತಿತ್ತು."

ರಾಹುಕಾಲ

ಹಳೆಯ ಬಾಡಿಗೆ ಮನೆ. ಗೋಡೆಯ ಹೀಟರ್ ಒಳಗೆ ಸದಾ ಉರಿಯುವ ಸಣ್ಣ ಪೈಲಟ್ ಜ್ವಾಲೆ. ಮೈಸೂರಿನಿಂದ ಮಗಳ ಮನೆಗೆ ಬಂದಿದ್ದ ಅಜ್ಜಿ ಅದನ್ನು ನಂದಾದೀಪವೆಂದೇ ತಿಳಿದು ಹೀಟರಿಗೆ ಅರಿಶಿನ ಕುಂಕುಮ ಇಟ್ಟಿದ್ದರು. ಸರ್ವೀಸಿಗೆ ಅದನ್ನು ಆರಿಸಬೇಕು ಎಂದಾಗ ಕೈಮುಗಿದು, "ಶಾಂತವಾಗು ತಾಯಿ ಅನ್ನಿ, ಆರ್ಸಿದೆ ಅನ್ಬೇಡಿ," ಎಂದರು. ಹಾಗೇ ಅಂದೆ. ಧೂಳು ತೆಗೆದು, ಬರ್ನರ್ ಉಜ್ಜಿ, ಹೊಗೆ ಹೋಗುವ ಕೊಳವೆ ನೋಡಿ, ಮತ್ತೆ ಹಚ್ಚಲು ಕೈಯಿಟ್ಟರೆ ಅಜ್ಜಿ ನನ್ನ ಮಣಿಕಟ್ಟು ಹಿಡಿದರು.

"ಈಗ ರಾಹುಕಾಲ. ಮುಗೀಲಿ, ಹಚ್ಚುವಿರಂತೆ."

ಮಗಳು ತಲೆ ಚಚ್ಚಿಕೊಂಡಳು. ಅಜ್ಜಿ ಕದಲಲಿಲ್ಲ. ಉಪ್ಪಿಟ್ಟು ಬಂತು, ಕಾಫಿ ಬಂತು, ರಾಹುಕಾಲ ಹೋಯಿತು. ಟಿಕ್ ಎಂದು ಜ್ವಾಲೆ ಹೊತ್ತಿಕೊಂಡಾಗ ಅಜ್ಜಿ ಮಂಗಳಾರತಿಯನ್ನೇ ಹಾಡಿದರು.

ಮುಂದಿನ ಮನೆಯ ಬಿಳಿಯ ಮುದುಕ ಚಳಿಯಲ್ಲಿ ಕಾದು ಕೆಂಪಾಗಿದ್ದ. ಯಾಕೆ ತಡ ಎಂದ. ಸುಳ್ಳು ಹೇಳಲು ಮನಸ್ಸಾಗದೆ, "ಹೀಟರ್ ಹಚ್ಚಲು ಸುರಕ್ಷಿತವಾದ ಸಮಯಕ್ಕೆ ಕಾಯಬೇಕಾಯಿತು," ಎಂದೆ. ಅವನ ಕೋಪ ಇಳಿದುಹೋಯಿತು.

"ಇಷ್ಟು ಎಚ್ಚರಿಕೆಯ ಕೆಲಸಗಾರನನ್ನು ನಾನು ನೋಡೇ ಇರಲಿಲ್ಲ," ಎಂದು ಕೈ ಕುಲುಕಿದ.

ಅಮ್ಮ

ಹೋದ ಚಳಿಗಾಲದಲ್ಲಿ ಅಮ್ಮ ಬಂದಳು. ಮನೆಯಲ್ಲಿ ಕೂತು ಬೇಜಾರೆಂದು ಆಗಾಗ ವ್ಯಾನಿನಲ್ಲಿ ಜೊತೆಗೆ ಬರುತ್ತಿದ್ದಳು. ನಾನು ಪ್ರತಿ ಮನೆಯಲ್ಲೂ ಹೇಳುವ ಪಾಠ ಅವಳಿಗೆ ಬಾಯಿಪಾಠವಾಯಿತು: ಕಾರ್ಬನ್ ಮಾನಾಕ್ಸೈಡ್ ಅಲಾರ್ಮ್ ಕೂಗಿದರೆ ಮೊದಲು ಹೊರಗೆ, ಆಮೇಲೆ ಮಾತು. ಆದರೂ ನಮ್ಮ ಬಡಾವಣೆಯ ಕನ್ನಡದ ಹೆಂಗಸರ ಹತ್ತಿರ ನಾನು ಮ್ಯಾನೇಜರೇ. ವ್ಯಾನನ್ನು ಬೀದಿಯ ಕೊನೆಯಲ್ಲೇ ನಿಲ್ಲಿಸು ಎನ್ನುತ್ತಿದ್ದಳು. ಅಲ್ಲೇ ನಿಲ್ಲಿಸಿ ನಡೆದು ಹೋಗುತ್ತಿದ್ದೆವು.

ವರಮಹಾಲಕ್ಷ್ಮಿ ಹಬ್ಬದ ದಿನ ಅವಳನ್ನು ಒಬ್ಬರ ಮನೆಗೆ ಅರಿಶಿನ ಕುಂಕುಮಕ್ಕೆ ಬಿಟ್ಟು ಕೆಲಸಕ್ಕೆ ಹೋಗಿದ್ದೆ. ಫೋನ್ ಬಂತು.

"ಲೋ, ಇಲ್ಲಿ ಅಲಾರ್ಮ್ ಕೂಗ್ತಿದೆ. ಎಲ್ಲಾರನ್ನೂ ಆಚೆ ಹಾಕಿದೀನಿ. ಬೇಗ ಬಾ!"

ವ್ಯಾನ್ ಹಾರಿಸಿಕೊಂಡು ಹೋದೆ. ಕೊರೆಯುವ ಗಾಳಿಯಲ್ಲಿ ರೇಷ್ಮೆ ಸೀರೆಯ ಹೆಂಗಸರೆಲ್ಲ ಮನೆ ಮುಂದಿನ ಡ್ರೈವ್‌ವೇನಲ್ಲಿ ನಡುಗುತ್ತ ನಿಂತಿದ್ದಾರೆ. ಕೆಲವರ ಕೈಯಲ್ಲಿ ಅರ್ಧ ತಿಂದ ಒಬ್ಬಟ್ಟು. ಬಾಗಿಲಿಗೆ ಅಡ್ಡವಾಗಿ ಸೆರಗು ಸಿಕ್ಕಿಸಿಕೊಂಡು ಅಮ್ಮ.

"ಆಂಟಿ, ಕಳಶದ ಹತ್ರ ದೀಪ ಉರೀತಿದೆ, ಒಂದ್ನಿಮಿಷ ನೋಡ್ಕೊಂಡು ಬರ್ತೀನಿ," ಎಂದು ಮನೆಯಾಕೆ ಗೋಗರೆಯುತ್ತಿದ್ದಳು.

"ಲಕ್ಷ್ಮೀನ ನಾನ್ ಕ್ಷಮೆ ಕೇಳ್ಕೋತೀನಿ, ನೀನು ಒಳಗೆ ಕಾಲಿಡ್ಬೇಡ," ಎಂದಳು ಅಮ್ಮ. ಆಮೇಲೆ ಇಡೀ ಬೀದಿಗೆ ಕೇಳುವ ಹಾಗೆ, "ನನ್ ಮಗ ಗ್ಯಾಸ್ ಹೀಟರ್ ರಿಪೇರಿ ಮಾಡೋನು! ಅವನು ಬಂದು ನೋಡಿ ಹೂಂ ಅನ್ನೋವರೆಗೂ ಯಾರೂ ಒಳಗೆ ಹೋಗಂಗಿಲ್ಲ!"

ನನ್ನ ಕಣ್ಣು ತುಂಬಿಬಂತು.

"ಮ್ಯಾನೇಜರ್ ಅಂದಿದ್ರಲ್ಲ ಆಂಟಿ?" ಎಂದಳು ಮನೆಯಾಕೆ.

"ಮ್ಯಾನೇಜರ್ ಬಂದು ಏನಮ್ಮ ಮಾಡ್ತಾನೆ? ಮೀಟಿಂಗ್ ಮಾಡ್ತಾನೆ!"

ಗ್ಯಾಸ್ ಪತ್ತೆಮಾಡುವ ಮೀಟರ್ ಹಿಡಿದು ಒಳಗೆ ಹೋದೆ. ಹಾಲ್, ಅಡುಗೆಮನೆ, ಹೀಟರ್ ಎಲ್ಲ ನೋಡಿದೆ. ವಿಷಗಾಳಿಯ ಸುಳಿವೂ ಇಲ್ಲ. ಗೋಡೆಯ ಮೇಲಿನ ಅಲಾರ್ಮ್ ಆಗಾಗ ಒಮ್ಮೆ ಕೀಚ್ ಎನ್ನುತ್ತಿತ್ತು, ಅಷ್ಟೇ. ಬ್ಯಾಟರಿ ಮುಗಿದಿತ್ತು! ನನಗೆ ಧರ್ಮಸಂಕಟವಾಯಿತು. ಇಷ್ಟು ವರ್ಷಕ್ಕೆ ಅಮ್ಮ ಬಾಯಿಬಿಟ್ಟು ಹೇಳಿದ್ದಾಳೆ, ಈಗ ಅವಳ ಮಾನ ಹೇಗೆ ಕಳೆಯಲಿ? ಆದರೆ ಗ್ಯಾಸಿನ ವಿಷಯದಲ್ಲಿ ಸುಳ್ಳು ಹೇಳುವ ಹಾಗಿಲ್ಲ. ಬ್ಯಾಟರಿ ಬದಲಿಸಿ ಹೊರಗೆ ಬಂದು ತಗ್ಗಿದ ದನಿಯಲ್ಲಿ ಹೇಳಿದೆ, "ಏನೂ ಇಲ್ಲ. ಬ್ಯಾಟರಿ ಹೋಗಿತ್ತು."

ಚಳಿಗೆ ನೀಲಿಗಟ್ಟಿದ್ದ ಮುಖಗಳೆಲ್ಲ ಅಮ್ಮನ ಕಡೆ ತಿರುಗಿದವು. ಅಮ್ಮ ಒಂದು ಚೂರೂ ಅಳುಕಲಿಲ್ಲ.

"ನೋಡಿದ್ರಾ?" ಎಂದಳು ಎದೆಯುಬ್ಬಿಸಿ, "ಬಂದ, ಒಂದೇ ಏಟಿಗೆ ಕಂಡುಹಿಡಿದ!"

ಅವತ್ತು ಅಮ್ಮ ವ್ಯಾನನ್ನು ಆ ಮನೆಯ ಬಾಗಿಲಿಗೇ ತರಿಸಿಕೊಂಡಳು. ಹತ್ತಿ ಕೂತವಳೇ ತುಮಕೂರಿನ ಎದುರುಮನೆಯವರಿಗೆ ಫೋನ್ ಹಚ್ಚಿ, ನಡೆದದ್ದನ್ನೆಲ್ಲ ವರ್ಣಿಸಿದಳು. ಬ್ಯಾಟರಿಯ ವಿಷಯ ಒಂದನ್ನು ಬಿಟ್ಟು. ಕೊನೆಗೆ ದನಿ ತಗ್ಗಿಸಿ, ನಿಜವಾದ ಕನಿಕರದಿಂದ ವಿಚಾರಿಸಿದಳು:

"ನಿಮ್ ಹುಡುಗ ಇನ್ನೂ ಬರೀ ಮ್ಯಾನೇಜರ್ರೇನ್ರೀ? ಪಾಪ."