ವರಾಂಡದಲ್ಲಿ ಕಾಡು ಕೂರಿಸಿದ್ದು

ನನಗೆ ಕಾಡಿನ ವಿಷಯ ಗೊತ್ತು. ಇದನ್ನು ಜಂಬದಿಂದ ಹೇಳುತ್ತಿಲ್ಲ. ಸರಿ, ಸ್ವಲ್ಪ ಜಂಬದಿಂದಲೇ ಹೇಳುತ್ತಿದ್ದೇನೆ. ಮೈಸೂರಿನ ಅರಣ್ಯ ಇಲಾಖೆಯ ಕಚೇರಿಯೊಂದರಲ್ಲಿ ನಾನು ಗುಮಾಸ್ತ. ಕಾಡಿಗೆ ಕಾಲಿಟ್ಟದ್ದು ಒಂದೇ ಸಲ, ಅದೂ ಸಾಹೇಬರ ಜೀಪಿನ ಹಿಂದಿನ ಸೀಟಿನಲ್ಲಿ ಕುಲುಕಾಡಿಕೊಂಡು ಕಾಕನಕೋಟೆಗೆ. ಆದರೆ ದಾರಿಯುದ್ದಕ್ಕೂ ಅವರು ಹೇಳಿದ ಹಕ್ಕಿಗಳ ವಿಚಾರವನ್ನು ಒಂದಕ್ಷರ ಬಿಡದೆ ತಲೆಯಲ್ಲಿ ತುಂಬಿಕೊಂಡು ಬಂದಿದ್ದೆ. ಅಂಥ ತಲೆ ನನ್ನದು!

ಕನ್ನಡ ನಾಡೆಲ್ಲ ಒಂದಾಗುವುದಕ್ಕೆ ಇನ್ನೇನು ಕೆಲವೇ ವಾರಗಳಿದ್ದ ದಸರಾ ಅದು. ಜಯಲಕ್ಷ್ಮಿಪುರಂನ ನಮ್ಮ ಬೀದಿಯಲ್ಲಿ ಗೊಂಬೆ ಅಂದರೆ ಎದುರುಮನೆಯ ನಾಗಮ್ಮನವರ ಗೊಂಬೆ. ಪ್ರತಿ ವರ್ಷವೂ ಹೆಂಗಸರು ಮೊದಲು ನಮ್ಮ ಮನೆಗೆ ಬರುತ್ತಿದ್ದರು, ಕುಂಕುಮ ಇಟ್ಟುಕೊಂಡು, ನಿಂತ ಕಾಲಲ್ಲೇ ಚಕ್ಕುಲಿ ಇಸಕೊಂಡು, ನಾಗಮ್ಮನವರ ಮನೆಗೆ ಓಡುತ್ತಿದ್ದರು. ನನ್ನ ಹೆಂಡತಿ ಜಯ ಹಾಸಿದ ಜಮಖಾನೆ ಸುಕ್ಕೇ ಆಗುತ್ತಿರಲಿಲ್ಲ.

“ಈ ವರ್ಷನಾದ್ರೂ ನಾಕು ಜನ ಕೂತ್ಕೊಂಡು ನೋಡಂಗಾಗ್ಬೇಕು ಕಣ್ರೀ,” ಅಂದಳು ಜಯ. ನಾನು ಎದೆ ತಟ್ಟಿಕೊಂಡೆ.

“ಚಿಂತೆ ಬುಡು, ನಾನಿದೀನಲ್ಲ!”

“ಅದೇ ಕಣ್ರೀ ನನ್ ಚಿಂತೆ.”

ಗೊಂಬೆ ಕೂರಿಸುವವರೆಲ್ಲ ಕೆಳಗಡೆ ಒಂದು ಪಾರ್ಕು ಮಾಡುತ್ತಾರೆ. ಮಣ್ಣಲ್ಲಿ ರಾಗಿ ಚೆಲ್ಲಿ ಮೊಳಕೆ ಬರಿಸಿದರೆ ಹುಲ್ಲು, ಕನ್ನಡಿ ಮಲಗಿಸಿದರೆ ಕೆರೆ. ನಾನು ಪಾರ್ಕು ಮಾಡಲಿಲ್ಲ. ಕಾಡನ್ನೇ ಮಾಡಿದೆ! ಕಾಡಿಗೆ ಗಾಳಿ ಬೆಳಕು ಬೇಕಲ್ಲವೇ? ಆದ್ದರಿಂದ ಗೊಂಬೆಯನ್ನು ನಡುಮನೆಯಿಂದ ಮುಂದಿನ ತೆರೆದ ವರಾಂಡಕ್ಕೆ ತಂದೆ. ಕುಕ್ಕರಹಳ್ಳಿ ಕೆರೆಯ ಕಡೆಯಿಂದ ಹಣ್ಣು ತುಂಬಿದ ಅತ್ತಿಯ ಕೊಂಬೆಗಳನ್ನು ಹೊತ್ತು ತಂದು ತೊಲೆಗೆ ಬಿಗಿದೆ. ಒಂದು ಕಡೆ ಮಳೆಗಾಲದ ಹಸಿರು ಪೊದೆ, ಇನ್ನೊಂದು ಕಡೆ ಬೇಸಿಗೆಯ ಬೋಳು ಮರ, ನಡುವೆ ರಾಗಿ ಪೈರಿನ ಹುಲ್ಲುಗಾವಲು, ಕನ್ನಡಿಯ ಕೆರೆ.

“ನೋಡೇ,” ಎಂದು ಸಾಹೇಬರ ಗತ್ತಿನಲ್ಲೇ ಶುರುಮಾಡಿದೆ. “ಕಾಡು ಅಂದ್ರೆ ಮಹಡಿ ಮನೆ ಇದ್ದಂಗೆ. ಮೇಲಿನ ಅಂತಸ್ತಲ್ಲಿ ಕುಟ್ರುಹಕ್ಕಿ, ನಡುವೆ ಪೊದೆಯಲ್ಲಿ ಪಿಕಳಾರ, ನೆಲದಲ್ಲಿ ಕಾಡುಕೋಳಿ. ಕಾಲ ಬದಲಾದ್ರೆ ಬಾಡಿಗೆದಾರ್ರೂ ಬದಲಾಯ್ತಾರೆ. ಮುತ್ತುಗ ಹೂ ಬಿಟ್ಟಾಗ ಮಕರಂದ ಕುಡಿಯೋವು, ಮಳೆ ಬಿದ್ದಾಗ ಹುಳ ಹಿಡಿಯೋವು, ಅತ್ತಿ ಹಣ್ಣಾದಾಗ ಹಣ್ಣು ತಿನ್ನೋವು. ಜಾಗ, ಕಾಲ ಎರಡೂ ಸರಿಯಾಗಿದ್ರೆ ಹಕ್ಕಿನ ಯಾರೂ ಕರೀಬೇಕಾಗಿಲ್ಲ!”

“ಅದೆಲ್ಲ ಸರಿ, ಪಟ್ಟದ ಗೊಂಬೆ ಎಲ್ಲಿಡ್ತೀರಾ?”

ಪಟ್ಟದ ಗೊಂಬೆ ಅಂದರೆ ರಾಜ-ರಾಣಿಯ ಜೋಡಿ. ಮದುವೆಯಲ್ಲಿ ಜಯಳಿಗೆ ತೌರಿನಿಂದ ಬಂದದ್ದು. ಅವಳ ಜೀವವೇ ಅದರಲ್ಲಿತ್ತು. ಮೇಲಿನ ಮೆಟ್ಟಿಲಲ್ಲಿ ಇಡುವುದು ಪದ್ಧತಿ. ನಾನು ಅತ್ತಿಯ ಕೊಂಬೆಯ ಕೆಳಗೇ ಇಟ್ಟೆ.

“ಬೇಟೆ ಮುಗಿಸಿ ನೆರಳಲ್ಲಿ ಕೂತವ್ರೆ ಕಣೇ. ಎಂಥಾ ಸಹಜ!”

ಮಾರನೆಯ ಬೆಳಗ್ಗೆಯೇ ರಾಗಿ ಪೈರಿಗೆ ಗುಬ್ಬಿಗಳ ದಂಡು ಇಳಿದಿತ್ತು.

“ಗುಬ್ಬಿ ಬಂದವೆ ಅಂದ್ರೆ ಹುಲ್ಲುಗಾವಲು ಚೆನ್ನಾಗಿದೆ ಅಂತ ಅರ್ಥ!” ಅಂದೆ.

“ಗುಬ್ಬಿ ಬಂದವೆ ಅಂದ್ರೆ ಹುಲ್ಲುಗಾವಲು ಇನ್ನಿಲ್ಲ ಅಂತ ಅರ್ಥ,” ಅಂದಳು ಜಯ. ನಿಜವಾಗಿಯೂ ಇರಲಿಲ್ಲ.

ಆಮೇಲೆ ಪೊದೆಗೆ ಪಿಕಳಾರ ಬಂತು. ಹಣ್ಣಿಗೆ ಗೊರವಂಕಗಳು ಬಂದವು. ಬೋಳು ಮರಕ್ಕೆ ಕಾಗೆ. ಒಂದು ಗುಬ್ಬಿಯಂತೂ ಕನ್ನಡಿ ಕೆರೆಯಲ್ಲಿ ತನ್ನನ್ನೇ ಕಂಡು ದಿನವಿಡೀ ಕುಕ್ಕಿ ಕುಕ್ಕಿ ಜಗಳವಾಡಿತು. ಸಾಹೇಬರು ಹೇಳಿದ್ದ ಒಂದೊಂದು ಮಾತೂ ನನ್ನ ವರಾಂಡದಲ್ಲಿ ರುಜುವಾತಾಗುತ್ತಿತ್ತು! ಹೆಮ್ಮೆಯಿಂದ ನನಗೆ ಅನ್ನ ಇಳಿಯಲಿಲ್ಲ. ಜಯಳಿಗೂ ಇಳಿಯಲಿಲ್ಲ, ಬೇರೆ ಕಾರಣಕ್ಕೆ.

ಹಣ್ಣು ತಿಂದ ಹಕ್ಕಿ ಸುಮ್ಮನಿರುತ್ತದೆಯೇ? ಇದನ್ನು ಮಾತ್ರ ಸಾಹೇಬರು ಜೀಪಿನಲ್ಲಿ ಹೇಳಿರಲಿಲ್ಲ. ಸರಸ್ವತಿ ಪೂಜೆಯ ದಿನ ಮಧ್ಯಾಹ್ನ ರಾಣಿಯ ಕಿರೀಟದ ಮೇಲೆ ಮೊದಲನೆಯದು ಬಿತ್ತು.

“ಅಯ್ಯೋ, ನಮ್ಮವ್ವ ಕೊಟ್ಟ ಗೊಂಬೆ! ಕಿತ್ತಾಕ್ರೀ ಆ ಕೊಂಬೆನ!” ಜಯ ಸೆರಗಿನಿಂದ ಒರೆಸುತ್ತಾ ಅತ್ತೇಬಿಟ್ಟಳು.

ಕೀಳಲು ಕೈ ಹಾಕಿದೆ. ಅವಳೇ ತಡೆದಳು. ಕೂರಿಸಿದ್ದನ್ನು ವಿಜಯದಶಮಿಗೆ ಮುಂಚೆ ಕದಲಿಸುವಂತಿಲ್ಲ! ಗೊಂಬೆಯನ್ನು ಸರಿಸುವಂತಿಲ್ಲ, ಕೊಂಬೆಯನ್ನು ಇಳಿಸುವಂತಿಲ್ಲ, ಹಕ್ಕಿಗಳಿಗಂತೂ ಶಾಸ್ತ್ರ ತಿಳಿಯುವಂತಿಲ್ಲ. ಅಷ್ಟರಲ್ಲಿ ಗೇಟು ಕಿರುಗುಟ್ಟಿತು. ಬೀದಿಯ ಹೆಂಗಸರೆಲ್ಲ ಬರುತ್ತಿದ್ದರು. ಮುಂದೆ ನಾಗಮ್ಮನವರು, ಅವರ ಕೈ ಹಿಡಿದುಕೊಂಡು ಕಣ್ಣು ಮಂಜಾದ ಅವರ ಅತ್ತೆ ಪುಟ್ಟಮ್ಮಜ್ಜಿ.

ನಾನು ಗಂಡಸು. ತೀರ್ಮಾನ ತೆಗೆದುಕೊಂಡೆ. ಪಂಚೆ ಎತ್ತಿಕಟ್ಟಿ, ತಲೆಗೆ ಟವಲು ಸುತ್ತಿ, ಕಪ್ಪು ಕೊಡೆ ಬಿಚ್ಚಿ ರಾಜ-ರಾಣಿಯ ನೆತ್ತಿಯ ಮೇಲೆ ಹಿಡಿದು ನಿಂತೆ. ಅಲುಗಾಡಿದರೆ ಕೊಡೆ ಕೊಂಬೆಗೆ ತಾಗಿ ಇನ್ನಷ್ಟು ಹಣ್ಣು ಉದುರುತ್ತಿತ್ತು. ಆದ್ದರಿಂದ ಅಲುಗಾಡಲಿಲ್ಲ.

“ಅಯ್ಯಯ್ಯೋ, ನಿಜವಾದ ಹಕ್ಕಿ ಕಣ್ರೇ!” ಎಂದು ನಾಗಮ್ಮನವರು ಕಿರುಚಿದರು. ಕುಟ್ರುಹಕ್ಕಿಯೊಂದು ಮೇಲಿನ ಅಂತಸ್ತಿನಲ್ಲೇ, ನಾನು ಹೇಳಿದ್ದ ಜಾಗದಲ್ಲೇ ಕೂತು ಹಣ್ಣು ನುಂಗುತ್ತಿತ್ತು. ಒಬ್ಬರು ಕೂತರು. ಇನ್ನೊಬ್ಬರು ಕೂತರು. ಜಮಖಾನೆ ತುಂಬಿತು! ಕಾಗೆ ತಟ್ಟೆಯಿಂದ ಕೋಡುಬಳೆಯನ್ನು ಕೊಕ್ಕಿಗೆ ಸಿಕ್ಕಿಸಿಕೊಂಡು ಹಾರಿದಾಗ ಚಪ್ಪಾಳೆಯೇ ಬಿತ್ತು. ದೀಪ ಹಚ್ಚುವ ಹೊತ್ತಾದರೂ ಒಬ್ಬರೂ ಏಳಲಿಲ್ಲ. ಜಯಳ ಮುಖ ಅರಳಿತು. ಕೊಡೆಯ ಕೆಳಗೆ ನನ್ನ ಮೀಸೆಯೂ ತಾನಾಗಿ ಮೇಲೆದ್ದಿತು. ಹೆಗಲ ಮೇಲೆ ಹಕ್ಕಿಗಳು ಮಾಡಿದ ಸನ್ಮಾನ ಒಣಗುತ್ತಿತ್ತು, ಇರಲಿ! ಇದೆಲ್ಲ ಯಾರ ಬುದ್ಧಿ ಎಂದು ಯಾರಾದರೂ ಕೇಳಲಿ ಎಂದು ಉಸಿರು ಬಿಗಿಹಿಡಿದು ಕಾದೆ.

ಕಡೆಗೆ ಪುಟ್ಟಮ್ಮಜ್ಜಿ ಎದ್ದು, ಹತ್ತಿರ ಬಂದು, ನನ್ನನ್ನು ಮೇಲಿಂದ ಕೆಳಗೆ ದಿಟ್ಟಿಸಿದರು.

“ಎಲ್ಲಾ ಚೆಂದಾಗದೆ ಕಣಮ್ಮ ಜಯ,” ಅಂದರು. “ಅದ್ರಲ್ಲೂ ಈ ಕೊಡೆ ಹಿಡ್ಕೊಂಡಿರೋ ಗೊಂಬೆ ಎಷ್ಟು ದೊಡ್ಡದು! ಮುಖ ಮಾತ್ರ ಇನ್ನೊಂಚೂರು ಲಕ್ಷಣವಾಗಿ ಮಾಡ್ಸಬೋದಿತ್ತು.”

ಜಯ ನನ್ನ ಕಡೆ ನೋಡಿ ಸೆರಗು ಬಾಯಿಗಿಟ್ಟುಕೊಂಡಳು.

“ಏನ್ಮಾಡೋದು ಅಜ್ಜಿ,” ಅಂದಳು, “ಇದೂ ನಂಗೆ ಮದ್ವೇಲಿ ಬಂದಿದ್ದೇ.”