ಹೊರಳಿದರೂ ತಿಳಿಯದ ಹಾಸಿಗೆ

ಅಡುಗೆ ಮಾಡಿದವನನ್ನು ಉಂಡವರು ಹೊಗಳುತ್ತಾರೆ, ಹಾಡಿದವನನ್ನು ಕೇಳಿದವರು ಹೊಗಳುತ್ತಾರೆ. ಹಾಸಿಗೆ ಮಾಡಿದವನನ್ನು ಮಾತ್ರ ಯಾರೂ ಹೊಗಳುವುದಿಲ್ಲ ಸ್ವಾಮಿ. ಹೊಗಳಬೇಕಾದವರು ಆ ಹೊತ್ತಿಗೆ ಗೊರಕೆ ಹೊಡೆಯುತ್ತಿರುತ್ತಾರೆ.

ಇಟಲಿಯ ನಮ್ಮ ಸಾಂತೆರಾಮೊ ಊರಿನಲ್ಲಿ ಯಾರ ಮನೆಯ ಬಾಗಿಲು ತಟ್ಟಿದರೂ ಸೋಫಾಕ್ಕೆ ಬಟ್ಟೆ ಹೊಲಿಯುವವರೋ ಚೌಕಟ್ಟು ಕೂಡಿಸುವವರೋ ಸಿಗುತ್ತಾರೆ. ನಾನು, ಎರಾಸ್ಮೊ, ಬಟ್ಟೆಯೊಳಗೆ ಅಡಗಿರುವ ಸ್ಪ್ರಿಂಗುಗಳನ್ನು ಹೇಗೆ ಜೋಡಿಸಬೇಕೆಂದು ಯೋಚಿಸುವವನು. ಕಾರ್ಖಾನೆಯಲ್ಲಿ ನನ್ನ ಹುದ್ದೆಗೆ ಮಾರುದ್ದ ಹೆಸರಿದೆ. ಮನೆಯಲ್ಲಿ ನನ್ನ ಧರ್ಮಪತ್ನಿ ಚೆಸಾರಿಯಾ ಅದನ್ನು 'ತಂತಿ ತಿರುಚೋ ಕೆಲಸ' ಎನ್ನುತ್ತಾಳೆ. (ನಾನು ಕಣ್ಣು ಮುಚ್ಚಿಕೊಂಡು ಯೋಚಿಸುತ್ತಿದ್ದರೆ 'ನಿದ್ದೆ' ಎನ್ನುತ್ತಾಳೆ. ಅದು ಪೂರ್ತಿ ಸುಳ್ಳೂ ಅಲ್ಲ.)

ಹೀಗಿರುವಾಗ ಮಗಳು ಒರ್ನೆಲ್ಲಾಳಿಗೆ ಎದುರು ಬೀದಿಯ ಸವೇರಿಯೊ ಜೊತೆ ಮದುವೆ ಗೊತ್ತಾಯಿತು. ಹುಡುಗ ಬಂಗಾರದಂಥವನು. ಹುಡುಗನ ತಾಯಿ ಬ್ರಿಜಿದಾ ಮಾತ್ರ ಉಕ್ಕು. ಗಂಡ ತೀರಿಕೊಂಡ ಮೇಲೆ ಮನೆ, ಮಕ್ಕಳು, ಬೀದಿ ಎಲ್ಲವನ್ನೂ ಒಬ್ಬಳೇ ಆಳುತ್ತಿರುವ ಹೆಂಗಸು. ಅವಳ ಮನೆಯ ಮಹಡಿಯಲ್ಲೇ ಹೊಸ ಜೋಡಿಯ ಬಿಡಾರ ಎಂದು ಮಾತಾಗಿತ್ತು. ಮಹಡಿಯ ಬೀಗದ ಕೈ ಮಾತ್ರ ಅವಳ ಸೊಂಟದಲ್ಲಿತ್ತು.

ನಮ್ಮ ಕಡೆ ಮದುವೆಗೆ ಮುಂಚೆ ಹಾಸಿಗೆ ಹಾಸುವ ಶಾಸ್ತ್ರವಿದೆ. ಹಾಸಿಗೆ ಹೆಣ್ಣಿನ ಕಡೆಯದು. ಮದುವೆಯಾಗದ ಹುಡುಗಿಯರು ಕಸೂತಿ ಹಾಕಿದ ಬಿಳಿ ಹೊದಿಕೆ ಹಾಸಿ, ಸಕ್ಕರೆ ಬಾದಾಮಿ ಎರಚುತ್ತಾರೆ. ಆಮೇಲೆ ಒಂದು ಕೂಸನ್ನು ತಂದು ಹಾಸಿಗೆಯ ಮೇಲೆ ಹೊರಳಿಸುತ್ತಾರೆ. ಕೂಸು ಕೇಕೆ ಹಾಕಿ ಉರುಳಾಡಿದರೆ ಮನೆ ತುಂಬ ಮಕ್ಕಳು. ಎಲ್ಲ ಸರಿ ಕಂಡರೆ ಗಂಡಿನ ತಾಯಿ ಮಂಚದ ತಲೆಗೆ ಬೀಗದ ಕೈ ನೇತುಹಾಕುತ್ತಾಳೆ. ದೊಡ್ಡ ಮಗನ ಮದುವೆಯಲ್ಲಿ ಬ್ರಿಜಿದಾಗೆ ಹಾಸಿಗೆ ಸರಿ ಕಂಡಿರಲಿಲ್ಲ. ಆ ದಂಪತಿ ಇವತ್ತಿಗೂ ಹುಡುಗಿಯ ಅಪ್ಪನ ಮನೆಯ ಅಟ್ಟದಲ್ಲಿದ್ದಾರೆ.

"ನಮ್ಮಮ್ಮ ಕೊಟ್ಟ ಉಣ್ಣೆ ಇದೆ, ಹಿಂಜಿಸಿ ಹಾಸಿಗೆ ಹೊಲಿಸಿದ್ರಾಯ್ತು," ಎಂದಳು ಚೆಸಾರಿಯಾ.

"ಸ್ಪ್ರಿಂಗಿನ ಎರಾಸ್ಮೊನ ಮಗಳು ಉಣ್ಣೆ ಮೇಲೆ ಮಲಗೋದಾ? ನನ್ನ ಮಾನ ಹೋಗುತ್ತೆ ಕಣೇ!"

"ಬೀಗದ ಕೈ ಸಿಗದಿದ್ರೆ ಮಗಳು ಅಳಿಯ ಇಬ್ರೂ ಇಲ್ಲೇ ಬಂದು ಕೂರ್ತಾರೆ. ಆಗ ನಿಮ್ಮ ಮಾನಾನ ಎಲ್ಲಿ ಮಲಗಿಸ್ತೀರಿ?"

ನಾನು ಬಗ್ಗಲಿಲ್ಲ. ಸಾಮಾನ್ಯ ಹಾಸಿಗೆಯಲ್ಲಿ ಸ್ಪ್ರಿಂಗುಗಳನ್ನು ಒಂದಕ್ಕೊಂದು ತಂತಿಯಿಂದ ಬಿಗಿದಿರುತ್ತಾರೆ. ಅದೊಂದು ಅವಿಭಕ್ತ ಕುಟುಂಬ. ಗಂಡ ಈ ತುದಿಯಲ್ಲಿ ಕೆಮ್ಮಿದರೆ ಹೆಂಡತಿ ಆ ತುದಿಯಲ್ಲಿ ಜಿಗಿಯುತ್ತಾಳೆ. ನನ್ನ ವಿನ್ಯಾಸದಲ್ಲಿ ಒಂದೊಂದು ಸ್ಪ್ರಿಂಗಿಗೂ ಬೇರೆ ಬೇರೆ ಬಟ್ಟೆಯ ಚೀಲ. ಪಾಲಾದ ಮನೆ, ಯಾರ ಗೋಜಿಗೂ ಯಾರೂ ಹೋಗುವುದಿಲ್ಲ. ಹೆಗಲಿಗೆ ಮೆತ್ತನೆಯವು, ಸೊಂಟಕ್ಕೆ ಗಟ್ಟಿಯವು, ಪಾದಕ್ಕೆ ಮತ್ತೆ ಮೆತ್ತನೆಯವು. ಒಬ್ಬರು ಹೊರಳಿದ್ದು ಪಕ್ಕದವರಿಗೆ ತಿಳಿಯಲೇಬಾರದು. ನನ್ನ ಜೀವಮಾನದ ಸಾಧನೆಯನ್ನೆಲ್ಲ ಅದರೊಳಗೆ ಹೊಲಿದೆ. ಅತ್ತೆಯ ಉಣ್ಣೆಯನ್ನೂ ಮೇಲುಪದರವಾಗಿ ಅದರಲ್ಲೇ ಹಾಕಿ ಹೆಂಡತಿಯ ಬಾಯಿ ಮುಚ್ಚಿಸಿದೆ.

ಶಾಸ್ತ್ರದ ದಿನ ಮಧ್ಯಾಹ್ನ, ಬೀದಿಯ ನಾಯಿಗಳೂ ಮಾತು ಬಿಟ್ಟಿದ್ದ ಹೊತ್ತಿನಲ್ಲಿ, ಹಾಸಿಗೆ ಮಹಡಿ ಹತ್ತಿತು. ಆ ಕೋಣೆಗೆ ಗಂಡಸರು ಕಾಲಿಡುವಂತಿಲ್ಲ. ಹಾಸಿಗೆ ಹೊತ್ತ ಪುಣ್ಯಕ್ಕೆ ನನಗೆ ಹೊಸ್ತಿಲಲ್ಲಿ ಕೂರಲು ಅಪ್ಪಣೆಯಾಯಿತು.

ಹುಡುಗಿಯರು ಹೊದಿಕೆ ಹಾಸಿ ಬಾದಾಮಿ ಎರಚಿದ ಮೇಲೆ ಬ್ರಿಜಿದಾ ಮುಷ್ಟಿಯಿಂದ ಹಾಸಿಗೆ ಗುದ್ದಿದಳು. "ಬೀಗರೇ, ಇದೇನು ಹಾಸಿಗೇನೋ ಗಿಟಾರೋ? ಒಳಗೆ ತಂತಿ ತುಂಬಿದೀರಂತೆ?"

"ಒಂದ್ಸಲ ಕೂತು ನೋಡಿ ಬೀಗಿತ್ತಿಯವ್ರೇ."

ಕಿರುಗುಟ್ಟಿಸಿಯೇ ತೀರುತ್ತೇನೆ ಎಂಬಂತೆ ಆಕೆ ಪೂರ್ತಿ ಭಾರ ಬಿಟ್ಟು ಕೂತಳು. ಸದ್ದಿಲ್ಲ. ಹಟದಿಂದ ಕುಪ್ಪಳಿಸಿದಳು. ಆಗಲೂ ಇಲ್ಲ. "ಕೂತ್ರೆ ಏನು ಗೊತ್ತಾಗುತ್ತೆ, ಒಂದು ನಿಮಿಷ ಒರಗಿ ನೋಡ್ತೀನಿ," ಎಂದು ಚಪ್ಪಲಿ ಬಿಟ್ಟು ಕಾಲು ಮೇಲಿಟ್ಟಳು. "ಸೊಂಟದ ಹತ್ರ ಏನೋ..." ಎಂದಳು. ಏನು ಎಂಬುದು ಯಾರಿಗೂ ತಿಳಿಯಲಿಲ್ಲ. ನಿದ್ದೆ ಹೋಗಿದ್ದಳು.

ಹೆಂಗಸರು ಮುಖ ಮುಖ ನೋಡಿಕೊಂಡರು. ಎಬ್ಬಿಸುವ ಗಂಡೆದೆ ಯಾರಿಗಿದೆ? ಶಾಸ್ತ್ರ ನಿಲ್ಲಬಾರದೆಂದು ಪಕ್ಕದ ಮನೆಯ ಕೂಸನ್ನು ತಂದು ಹಾಸಿಗೆಯ ಇನ್ನೊಂದು ಬದಿಗೆ ಉರುಳಿಸಿದರು. ಬ್ರಿಜಿದಾಳ ರೆಪ್ಪೆ ಕೂಡ ಅಲುಗಲಿಲ್ಲ. ನಾನು ಹೆಮ್ಮೆಯಿಂದ ಉಬ್ಬಿಹೋದೆ. ಕೂಸು ಒಮ್ಮೆ ಆಕಳಿಸಿತು, ಹೆಬ್ಬೆರಳು ಬಾಯಿಗಿಟ್ಟುಕೊಂಡಿತು, ಅದೂ ಮಲಗಿತು. ಕೂಸಿಗೆ ಕಾವಲೆಂದು ತುದಿಯಲ್ಲಿ ಕೂತ ಸವೇರಿಯೊನ ಸೋದರತ್ತೆ ಕೂತಲ್ಲೇ ತೂಗಿ ಪಕ್ಕಕ್ಕೆ ವಾಲಿದಳು. ಬಾದಾಮಿ ಎರಚಿದ್ದ ಹುಡುಗಿಯರು ಒಬ್ಬೊಬ್ಬರಾಗಿ ಗೋಡೆಗೆ ಒರಗಿದರು. ಕಿಟಕಿಯ ಮರದ ರೆಕ್ಕೆಗಳ ಸಂದಿಯಿಂದ ಜೇನುಬಣ್ಣದ ಬಿಸಿಲು ಪಟ್ಟೆಪಟ್ಟೆಯಾಗಿ ಇಳಿದು ಬಿಳಿ ಹೊದಿಕೆಯ ಮೇಲೆ ಮಲಗಿತ್ತು. ಪರದೆ ತಾನೇ ಉಸಿರಾಡುತ್ತಿತ್ತು.

ಹೊಸ್ತಿಲಲ್ಲಿ ನನ್ನ ಕಣ್ಣೂ ಯಾವಾಗ ಮುಚ್ಚಿತೋ. ಸ್ಪ್ರಿಂಗುಗಳೆಲ್ಲ ಹೊಸ ಬಿಳಿ ಅಂಗಿ ತೊಟ್ಟು, ಒಂದಕ್ಕೊಂದು ತಾಗದೆ, ಚರ್ಚಿನ ಮೆಟ್ಟಿಲು ಹತ್ತುತ್ತಿದ್ದವು. ಇಡೀ ಊರು ನನ್ನ ಹಾಸಿಗೆಗಳ ಮೇಲೆ ಬಾದಾಮಿ ತೋಟಗಳಾಚೆ ಮೆಲ್ಲಗೆ ತೇಲಿ ಹೋಗುತ್ತಿತ್ತು. ಬೇಕರಿಯವನು ಹಿಟ್ಟಿನ ಕೈಯಲ್ಲೇ ಮಲಗಿ ತೇಲುತ್ತಿದ್ದ, ಅವನ ಹಿಂದೆ ನಮ್ಮ ಕಾರ್ಖಾನೆಯ ಮಾಲೀಕ. ನಡುವೆ ಎತ್ತರದಲ್ಲಿ ನಾನೊಬ್ಬನೇ ಎಚ್ಚರವಾಗಿ ನಿಂತಿದ್ದೆ. ಬದುಕಿನಲ್ಲಿ ಅಷ್ಟು ಸುಖವನ್ನು ನಾನು ಮತ್ತೆಂದೂ ಕಂಡಿಲ್ಲ. ತೇಲುವವರ ಉಸಿರು ಸಣ್ಣ ಗಾಳಿಯಾಗಿ ನನ್ನ ಮುಖಕ್ಕೆ ತಾಗುತ್ತಿತ್ತು.

"ರೀ! ಏಳ್ರೀ! ಬೀಗಿತ್ತಿ ಎದ್ರು!"

ಸಂಜೆಯ ಗಂಟೆ ಹೊಡೆಯುತ್ತಿತ್ತು. ಬ್ರಿಜಿದಾ ಹಾಸಿಗೆಯ ಮೇಲೆ ಕೂತಿದ್ದಳು. ಕೂದಲು ಕೆದರಿತ್ತು, ಕೆನ್ನೆಯ ಮೇಲೆ ಸಕ್ಕರೆ ಬಾದಾಮಿಯೊಂದು ಅಂಟಿತ್ತು, ಮುಖ ಹದಿಹರೆಯದವಳಂತೆ ತಿಳಿಯಾಗಿತ್ತು.

"ಬೀಗರೇ," ಎಂದಳು, ದನಿಯಲ್ಲಿ ಉಕ್ಕಿಲ್ಲ. "ನಮ್ಮವರು ಹೋದ ಮೇಲೆ ಹಿಂಗೆ ನಿದ್ದೆ ಮಾಡಿರ್ಲಿಲ್ಲ. ನಿಮ್ಮ ಕೈ ತಣ್ಣಗಿರ್ಲಿ."

ನನ್ನ ಕಣ್ಣು ಮಂಜಾಯಿತು. ಹೊಗಳಿದರು ಸ್ವಾಮಿ, ಎಚ್ಚರವಾಗಿದ್ದು ಹೊಗಳಿದರು! ಆಕೆಯ ಕೈ ಸೊಂಟದ ಬೀಗದ ಕೈಗೆ ಹೋಯಿತು. ಅಲ್ಲೇ ನಿಂತಿತು.

"ಕೂಸು ಹೊರಳಿತಾ?"

ಕೂಸು ಇನ್ನೂ ಮಲಗಿಯೇ ಇತ್ತು.

"ನಾನು ಎದ್ದು ಕೂತ್ರೂ ಅದಕ್ಕೆ ಗೊತ್ತಾಗ್ಲಿಲ್ಲ, ಅದನ್ನ ಉರುಳಿಸಿದ್ರೂ ನನಗೆ ಗೊತ್ತಾಗ್ಲಿಲ್ಲ, ಅಲ್ವಾ?"

"ಅದೇ ಇದರ ಹೆಚ್ಚುಗಾರಿಕೆ ಬೀಗಿತ್ತಿಯವ್ರೇ!" ಎಂದೆ ನಾನು. (ಬಾಯಿ ಮುಚ್ಚಿಕೊಂಡಿದ್ದರೆ ಏನು ಗಂಟು ಹೋಗುತ್ತಿತ್ತು?)

"ನನ್ನ ಮಗ ಮೊದಲೇ ದಿಂಬು ತೋರಿಸಿದ್ರೆ ಗೊರಕೆ ಹೊಡೆಯೋನು. ಇದರ ಮೇಲೆ ಗಂಡನಿಗೆ ಹೆಂಡತಿ ಇರೋದೇ ತಿಳಿಯಲ್ಲ. ನನಗೆ ಮೊಮ್ಮಕ್ಕಳು ಬೇಕು ಬೀಗರೇ, ನಿದ್ದೆ ಅಲ್ಲ! ಇದು ನನ್ನಂಥೋರಿಗೆ ಸರಿ, ನಾನೇ ಇಟ್ಕೋತೀನಿ. ಮಕ್ಕಳಿಗೆ ಬೇರೆ ತನ್ನಿ. ನೀವು ಮಲಗೋದು ಎಂಥದ್ರ ಮೇಲೆ?"

ನಾನು ಹೆಂಡತಿಗೆ ಕಣ್ಸನ್ನೆ ಮಾಡುವಷ್ಟರಲ್ಲಿ ಅವಳು ಹೇಳಿಬಿಟ್ಟಿದ್ದಳು. "ಅಯ್ಯೋ, ಅದು ಇವರು ಹುಡುಗರಾಗಿದ್ದಾಗ ಮಾಡಿದ್ದು. ತಂತಿಗೆ ತಂತಿ ಕಟ್ಟಿ ಕೆಡಿಸಿದಾರೆ. ನಡುವೆ ದೊಡ್ಡ ಹಳ್ಳ. ಎಷ್ಟು ಜಗಳ ಆಡಿ ಅತ್ತ ಮುಖ ಮಾಡಿ ಮಲಗಿದ್ರೂ ಬೆಳಗಾಗೋದ್ರಲ್ಲಿ ಇಬ್ರೂ ಹಳ್ಳದಲ್ಲೇ ಇರ್ತೀವಿ." ಹೇಳಿ ಕೆಂಪಾದಳು.

"ಅದನ್ನೇ ತರಿಸಿ!" ಎಂದಳು ಬ್ರಿಜಿದಾ.

"ಅದು ನನ್ನ ತಪ್ಪು ಲೆಕ್ಕಾಚಾರ, ಅದನ್ನ ಮದುವೆಗೆ ಕೊಡೋದಾ!" ಎಂದು ನಾನು ಗೋಳಾಡಿದೆ.

"ಅಪ್ಪಾ, ಸುಮ್ನಿರಪ್ಪಾ, ಬೀಗದ ಕೈ ಸಿಗ್ತಿದೆ," ಎಂದು ಹೊಸ್ತಿಲ ಬಳಿ ಬಂದ ಒರ್ನೆಲ್ಲಾ ನನ್ನ ತೋಳು ಜಿಗುಟಿದಳು.

ಕತ್ತಲಾಗುವುದರೊಳಗೆ ಆ ಹಳ್ಳ ಬಿದ್ದ ಹಾಸಿಗೆ ಬೀದಿಯವರೆಲ್ಲ ನೋಡುವಂತೆ ಮೆರವಣಿಗೆಯಲ್ಲಿ ಮಹಡಿ ಹತ್ತಿತು. ಎಚ್ಚರಗೊಂಡ ಕೂಸನ್ನು ಅದರ ಮೇಲೆ ಬಿಟ್ಟಿದ್ದೇ ತಡ, ಸೀದಾ ನಡುವಿಗೆ ಉರುಳಿ ಕೇಕೆ ಹಾಕಿತು. ಬೀಗದ ಕೈ ಮಂಚದ ತಲೆಯಲ್ಲಿ ತೂಗಿತು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ.

ಮದುವೆ ಚೆನ್ನಾಗಿ ಆಯಿತು. ನಮ್ಮ ಮಂಚದ ಮೇಲೆ ಈಗ ಬರೀ ಹಲಗೆ, ಅದರ ಮೇಲೊಂದು ಕಂಬಳಿ. ಮೊದಲ ರಾತ್ರಿಯೇ ಚೆಸಾರಿಯಾ ಸೊಂಟ ಹಿಡಿದುಕೊಂಡು ಎದ್ದಳು. ಬ್ರಿಜಿದಾ ಕರೆದಳು: "ಬನ್ನಿ ಬೀಗಿತ್ತಿ, ಒಬ್ಬಳಿಗೆ ಅಷ್ಟಗಲ ಹಾಸಿಗೆ ಯಾಕೆ? ಪಕ್ಕದಲ್ಲಿ ಮಲಗಿದ್ರೆ ನೀವಿರೋದೇ ನಂಗೆ ಗೊತ್ತಾಗಲ್ಲ." ಅಂದಿನಿಂದ ನನ್ನ ಹೆಂಡತಿ ಊಟ ಮುಗಿಸಿ, ದಿಂಬು ಕಂಕುಳಲ್ಲಿ ಇಟ್ಟುಕೊಂಡು, ಎದುರು ಮನೆಗೆ ಹೋಗುತ್ತಾಳೆ.

ನಿನ್ನೆ ಬೆಳಿಗ್ಗೆ ತಿರುಗಿ ಬಂದಾಗ ಅವಳ ಮುಖದಲ್ಲಿ ಎಂಥ ಕಳೆ! "ಏನು ನಿದ್ದೆ ರೀ! ಇಷ್ಟು ದಿನ ನಿಮ್ಮ ಕೆಲಸಾನ ಆಡ್ಕೊಂಡು ನಗ್ತಿದ್ದೆ, ತಪ್ಪಾಯ್ತು."

ಈ ಮಾತಿಗಾಗಿ ನಾನು ಎಷ್ಟು ವರ್ಷ ಕಾದಿದ್ದೆ! "ಹಂಗಾದ್ರೆ ನಮಗೂ ಅಂಥದ್ದೊಂದು ಮಾಡ್ತೀನಿ ಕಣೇ, ಈ ವಾರಾನೇ," ಎಂದೆ.

ಅವಳು ಕಾಫಿ ಪಾತ್ರೆ ಒಲೆಗಿಡುತ್ತ, ಕನಸು ಇನ್ನೂ ಬಿಡದ ಕಣ್ಣಿನಲ್ಲಿ ನನ್ನನ್ನು ನೋಡಿದಳು.

"ನಮಗ್ಯಾಕ್ರೀ? ನನಗೆ ಅಲ್ಲಿದೆಯಲ್ಲ."